ಸಿದ್ರಾಮಪ್ಪನ ಪರವಾಗಿ ನಾನು ಬರೆದ ಸ್ಪಷ್ಟೀಕರಣ

ಇಪ್ಪತ್ತಾರು ವರ್ಷಗಳಿಂದ ನಾನು ನಾಲತವಾಡದಿಂದ ಜಿಲ್ಲಾ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೇನೆ. ಈ ಅವಧಿಯಲ್ಲಿ ನನ್ನ ವರದಿಗೆ ಒಮ್ಮೆಯೂ ತಿದ್ದುಪಡಿ ಪ್ರಕಟವಾಗಿಲ್ಲ. ಕಾರಣ ನನ್ನ ಶಿಸ್ತು. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳಿಗೆ ಉತ್ತರ ಸಿಗದೆ ಸಿಡಿಲಿಗೆ ಎಮ್ಮೆ ಸತ್ತ ಸುದ್ದಿಯನ್ನೂ ನಾನು ಕಳಿಸಿದವನಲ್ಲ. ನನ್ನ ಹೆಂಡತಿ ಕಸ್ತೂರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಆಕೆ ಇದನ್ನು ಶಿಸ್ತು ಎನ್ನುವುದಿಲ್ಲ. ಚಟ ಎನ್ನುತ್ತಾಳೆ.

ಹೀಗಿರುವಾಗ, ಪೈಪಿನ ಸಿದ್ರಾಮಪ್ಪ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದು ಎಂಟು ಸಾಲಿನ ಒಂದು ಹೇಳಿಕೆ ಬರೆದುಕೊಡಬೇಕು ಎಂದಾಗ ನನಗೆ ಯಾವ ಅಳುಕೂ ಆಗಲಿಲ್ಲ. ಎಂಟು ಸಾಲಿನಲ್ಲಿ ಏನು ಅನಾಹುತವಾದೀತು?

ಸಿದ್ರಾಮಪ್ಪನದು ಬಸ್ ನಿಲ್ದಾಣದ ಎದುರಿಗೆ ಹನಿ ನೀರಾವರಿ ಪೈಪಿನ ಅಂಗಡಿ. ಇಲ್ಲಿಂದ ಹೊರ್ತಿಯ ನಿಂಬೆ ತೋಟಗಳವರೆಗೆ ಅವನ ಪೈಪು ಹೋಗುತ್ತದೆ. ಪಟ್ಟಣ ಪಂಚಾಯಿತಿಗೆ ನಮ್ಮ ವಾರ್ಡಿನಿಂದ ಎರಡು ಸಲ ಪಕ್ಷೇತರನಾಗಿ ನಿಂತು ಎರಡು ಸಲವೂ ಸೋತಿದ್ದ. ಈಗ ಮೂರನೇ ಸಲ. ಅಂಗಡಿಯನ್ನು ನಿಜವಾಗಿ ನಡೆಸುವವಳು ಅವನ ಹೆಂಡತಿ ನೀಲವ್ವ. ಪೈಪನ್ನು ಎರಡು ಸಲ ಅಳೆದು ಒಂದು ಸಲ ಕೊಯ್ಯುವ ಹೆಂಗಸು, ಮಾತನ್ನೂ ಹಾಗೆಯೇ. ಈ ಸಲ ಸೋತರೆ ಮತ್ತೆ ಚುನಾವಣೆಯ ಹೆಸರೆತ್ತುವಂತಿಲ್ಲ, ಗಲ್ಲಾ ಬಿಟ್ಟು ಕದಲುವಂತಿಲ್ಲ ಎಂದು ಆಕೆ ಮೊದಲೇ ಹೇಳಿಬಿಟ್ಟಿದ್ದಳು. ಆದ್ದರಿಂದ ಸಿದ್ರಾಮಪ್ಪನಿಗೆ ಇದು ಬರೀ ವಾರ್ಡಿನ ಸೀಟಲ್ಲ, ಮನೆಯಿಂದ ಹೊರಗೆ ಕಾಲಿಡುವ ಕೊನೆಯ ಬಾಗಿಲು.

ಇಲ್ಲಿ ನಮ್ಮ ಭಾಗದ ಒಂದು ಪದ್ಧತಿಯನ್ನು ಹೇಳಬೇಕು. ಮುಖಂಡರ ಪತ್ರಿಕಾ ಹೇಳಿಕೆಯನ್ನು ಮುಖಂಡರು ಬರೆಯುವುದಿಲ್ಲ. ವರದಿಗಾರನೇ ಬರೆಯುತ್ತಾನೆ. ಮುಖಂಡರು ಅದಕ್ಕೆ ಸಹಿ ಹಾಕುತ್ತಾರೆ. ಆಮೇಲೆ ಅದೇ ವರದಿಗಾರ ಅದನ್ನು ಓದಿ, ಹೊಸದಾಗಿ ತಿಳಿದವನಂತೆ ಪತ್ರಿಕೆಗೆ ಕಳಿಸುತ್ತಾನೆ. ಇದರಲ್ಲಿ ತಪ್ಪಿದೆ ಎಂದು ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾರಿಗೂ ಅನಿಸಿಲ್ಲ. ನನಗಂತೂ ಹೆಮ್ಮೆಯಿತ್ತು. ನಮ್ಮ ಊರಿನ ಮುಖಂಡರು ಇಷ್ಟು ಶುದ್ಧ ಕನ್ನಡ ಮಾತಾಡುತ್ತಾರೆ ಎಂದು ಜಿಲ್ಲೆಗೆ ಗೊತ್ತಾದದ್ದೇ ನನ್ನಿಂದ.

ಸಿದ್ರಾಮಪ್ಪ ಕುರ್ಚಿಯ ಅಂಚಿನಲ್ಲಿ ಕುಳಿತು ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಸರ, ಅದರಾಗ ಇದ್ದಾಂವ ನಾ ಅಲ್ರಿ."

"ಯಾವುದರಾಗ?"

"ಆ ವಿಡಿಯೋದಾಗ."

"ನೀ ನೋಡಿಯೇನು ಅದನ್ನ?"

"ಇಲ್ರಿ. ಯಾರೂ ನೋಡಿಲ್ಲಂತ. ಆದ್ರೂ ಅದರಾಗ ನಾ ಇಲ್ರಿ."

ಯಾರೂ ನೋಡದ ವಿಡಿಯೋದಲ್ಲಿ ತಾನಿಲ್ಲ ಎಂದು ಇವನಿಗೆ ಹೇಗೆ ಗೊತ್ತು ಎಂದು ಒಬ್ಬ ಅನುಭವಿ ವರದಿಗಾರ ಕೇಳಬೇಕಿತ್ತು. ನಾನು ಪೆನ್ನು ತೆಗೆದೆ.

ವಿಷಯ ನನಗೆ ಅಷ್ಟಿಷ್ಟು ತಿಳಿದಿತ್ತು. ಹಿಂದಿನ ದಿನ ಚಹಾದ ಅಂಗಡಿಯಲ್ಲಿ ಮೂವರು ಮಾತಾಡುತ್ತಿದ್ದರು. ಒಬ್ಬ, ಸಿದ್ರಾಮಪ್ಪ ಯಾವಳೋ ಒಬ್ಬಳ ಜೊತೆ ಸೋಲಾಪುರದ ಲಾಡ್ಜಿನಲ್ಲಿದ್ದನಂತೆ ಎಂದ. ಇನ್ನೊಬ್ಬ, ಶ್ರಾವಣದ ಎರಡನೇ ಸೋಮವಾರವಂತೆ ಎಂದ. ಮೂರನೆಯವನು, ಎರಡನೇ ಮಹಡಿಯಂತೆ, ಯಾರೋ ವಿಡಿಯೋ ಮಾಡಿದ್ದಾರಂತೆ ಎಂದ. ಒಬ್ಬನಿಗೆ ತಿಳಿದದ್ದು ಇನ್ನೊಬ್ಬನಿಗೆ ತಿಳಿದಿರಲಿಲ್ಲ. ಚಹಾ ಮುಗಿದ ಮೇಲೆ ಮೂವರೂ ಮಳೆಯ ಮಾತಿಗೆ ಹೋಗಿದ್ದರು. ಅಂದರೆ ಆ ಹೊತ್ತಿಗೆ ಈ ಹಗರಣ ನಾಲತವಾಡದಲ್ಲಿ ಗೊತ್ತಿದ್ದದ್ದು ನನ್ನನ್ನೂ ಸೇರಿಸಿ ನಾಲ್ವರಿಗೆ, ಅದೂ ತುಂಡು ತುಂಡಾಗಿ.

ನಾನು ಅದನ್ನು ಜೋಡಿಸಿದೆ.

"ಕಳೆದ ಶ್ರಾವಣ ಮಾಸದ ಎರಡನೆಯ ಸೋಮವಾರ ಮಧ್ಯಾಹ್ನ, ಸೋಲಾಪುರದ ಲಾಡ್ಜೊಂದರ ಎರಡನೇ ಮಹಡಿಯ ಕೊಠಡಿಯಲ್ಲಿ, ನಾನು ಪರಸ್ತ್ರೀಯ ಜೊತೆ ಅಸಭ್ಯ ಭಂಗಿಯಲ್ಲಿ ಇದ್ದೇನೆ ಎನ್ನಲಾದ ವಿಡಿಯೋ ಇದೆಯೆಂದು ನನ್ನ ಏಳಿಗೆ ಸಹಿಸದ ಕೆಲವರು ಅಪಪ್ರಚಾರ ಮಾಡುತ್ತಿದ್ದಾರೆ. ಸದರಿ ವಿಡಿಯೋದಲ್ಲಿರುವ ವ್ಯಕ್ತಿ ನಾನಲ್ಲ. ಈ ಬಗ್ಗೆ ಯಾವುದೇ ದೇವರ ಮುಂದೆ ಪ್ರಮಾಣ ಮಾಡಲು ಸಿದ್ಧನಿದ್ದೇನೆ."

ಕೊನೆಯ ವಾಕ್ಯದ ಬಗ್ಗೆ ಒಂದು ಮಾತು. ಯಾರ ಮೇಲೆ ಯಾವ ಆರೋಪ ಬಂದರೂ ಹೇಳಿಕೆಯ ಕೊನೆಗೆ ನಾನು ಈ ವಾಕ್ಯ ಸೇರಿಸುತ್ತೇನೆ. ಪಡಿತರ ಅಕ್ಕಿಯಾಗಲಿ, ಕೊಳವೆಬಾವಿಯಾಗಲಿ, ಎಲ್ಲದಕ್ಕೂ ಹೊಂದಿಕೊಳ್ಳುತ್ತದೆ. ಯಾವ ದೇವರು ಎಂದು ಈವರೆಗೆ ಯಾರೂ ಕೇಳಿರಲಿಲ್ಲ.

ಸಿದ್ರಾಮಪ್ಪ ಅದನ್ನು ಓದದೆ ಸಹಿ ಹಾಕಿದ. ಮುಖ ಅರಳಿತ್ತು. ನೀವು ಬರೆದಿರಿ ಅಂದ ಮೇಲೆ ಮುಗಿಯಿತು ಸರ, ಇನ್ನು ಬಾಯಿ ತೆರೆಯಲಿ ನೋಡೋಣ ಎಂದು ಹೇಳಿ ಹೋದ.

ಮರುದಿನ ಎಲ್ಲರೂ ಬಾಯಿ ತೆರೆದರು.

ಪತ್ರಿಕೆಯ ಮುಖ್ಯ ಕಚೇರಿಯವರು ಸುದ್ದಿಗೆ ಸಿದ್ರಾಮಪ್ಪನ ನಗುವ ಫೋಟೋ ಹಾಕಿದ್ದರು. ಶೀರ್ಷಿಕೆ: "ಲಾಡ್ಜ್ ವಿಡಿಯೋದಲ್ಲಿ ನಾನಿಲ್ಲ". ಕಸ್ತೂರಿ ಅದನ್ನು ಮಕ್ಕಳ ಪಾಠ ಓದುವ ದನಿಯಲ್ಲಿ ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ ಕನ್ನಡಕ ತೆಗೆದಳು.

"ಇದನ್ನ ಬರದಾಂವ ಆ ಮನಷ್ಯಾಗ ಬೇಕಾದಾಂವನೋ, ಬ್ಯಾಡಾದಾಂವನೋ?"

"ಇದು ಸ್ಪಷ್ಟೀಕರಣ," ಎಂದೆ.

"ಭಾಳ ಸ್ಪಷ್ಟ ಆಗೇತಿ. ಮಹಡಿ ಸಹಿತ."

ನಮ್ಮ ಪತ್ರಿಕೆಯ ಜಿಲ್ಲಾ ಪುಟ ಜಿಲ್ಲೆಯ ಎಲ್ಲ ತಾಲ್ಲೂಕುಗಳಿಗೂ ಹೋಗುತ್ತದೆ. ಒಂಬತ್ತು ಗಂಟೆಗೆ ಮೊದಲ ಕರೆ ಬಂತು. ಬಸವನ ಬಾಗೇವಾಡಿಯ ನಮ್ಮ ವರದಿಗಾರ ವಿಡಿಯೋ ಕಳಿಸು ಎಂದು ಕೇಳಿದ. ನನ್ನ ಬಳಿ ಇಲ್ಲ ಎಂದೆ. ಮತ್ತೆ ನಿರಾಕರಣೆ ಹೇಗೆ ಬರೆದೆ ಎಂದು ಕೇಳಿ ಅವನು ನಗತೊಡಗಿದ. ಸಿಂದಗಿಯ ಗೆಳೆಯ ಕರೆ ಮಾಡುವ ಹೊತ್ತಿಗೆ ಹೆಂಗಸರು ಇಬ್ಬರಾಗಿದ್ದರು. ಇಂಡಿಯಲ್ಲಿ ಲಾಡ್ಜಿಗೆ ಪೊಲೀಸರೂ ಬಂದು ಹೋಗಿದ್ದರು. ಕಸ್ತೂರಿಯ ತವರು ಗೊಳಸಂಗಿ. ಅಲ್ಲಿಂದ ಆಕೆಯ ಅಣ್ಣ ಕರೆ ಮಾಡಿ, ನಾನು ಯಾಕೆ ಇಂಥವರ ಸಹವಾಸ ಮಾಡುತ್ತೇನೆ ಎಂದು ಅರ್ಧ ಗಂಟೆ ವಿಚಾರಿಸಿಕೊಂಡ.

ಸಿದ್ರಾಮಪ್ಪ ಮನೆ ಮನೆಗೆ ಕರಪತ್ರ ಹಂಚಲು ಹೋದ. ಗಂಡಸರು ಕರಪತ್ರ ತೆಗೆದುಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದರು. ಹೆಂಗಸರು ಬಾಗಿಲು ಅರ್ಧ ಮುಚ್ಚಿಕೊಂಡು ಬಾಗಿಲಿನ ಸಂದಿಯಿಂದ ನೋಡಿದರು. ಇಡೀ ಓಣಿಯಲ್ಲಿ ಅವನನ್ನು ಒಳಗೆ ಕರೆದು ಚಹಾ ಕೊಟ್ಟವರು ಒಬ್ಬರೇ, ಎಂಬತ್ತು ದಾಟಿದ ನಿವೃತ್ತ ಮಾಸ್ತರರು. ಕಿವಿಯ ಹತ್ತಿರ ಬಂದು ಕೇಳಿದರಂತೆ, ಲಾಡ್ಜಿನಲ್ಲಿ ಲಿಫ್ಟ್ ಇತ್ತೇನು ಎಂದು.

ಮಧ್ಯಾಹ್ನ ಅವನು ಬಂದಾಗ ನನಗೂ ಕರುಣೆಯಾಯಿತು. ತಪ್ಪು ನನ್ನದಲ್ಲ, ಪತ್ರಿಕೆ ಎಲ್ಲರೂ ಪೂರ್ತಿ ಓದುವುದಿಲ್ಲ, ಶೀರ್ಷಿಕೆ ಮಾತ್ರ ಓದುತ್ತಾರೆ ಎಂದು ವಿವರಿಸಿದೆ. ಜನರ ಕಿವಿಗೆ ನೇರವಾಗಿ ತಲುಪಬೇಕು. ಅದಕ್ಕೆ ಪ್ರಚಾರದ ಆಟೋ ಇದೆ.

ನಮ್ಮ ಊರಲ್ಲಿ ಪ್ರಚಾರ ಎಂದರೆ ಮೆಹಬೂಬ್‌ಸಾಬ್. ಅವನ ತಂದೆಯೂ ಟಾಂಗಾದಲ್ಲಿ ಕುಳಿತು ಸಂತೆಯ ಸುದ್ದಿ ಕೂಗುತ್ತಿದ್ದವರು. ಅವನ ಕಂಠಕ್ಕೆ ಒಂದು ಗುಣವಿದೆ: ಸಾವಿನ ಸುದ್ದಿ ಹೇಳಿದರೂ ಸೀರೆಯ ರಿಯಾಯಿತಿ ಮಾರಾಟದ ಹುರುಪು ಬರುತ್ತದೆ. ನಾನು ಚೀಟಿ ಬರೆದುಕೊಟ್ಟೆ. ಮೆಹಬೂಬ್‌ಸಾಬ್ ಅದನ್ನು ಎರಡು ಸಲ ಓದಿ, ತಲೆ ಕೆರೆದುಕೊಂಡ.

"ಸರ, ಇದನ್ನ ಒದರೂದಕ್ಕಿಂತ ಸುಮ್ಮ ಇರೂದು ಚಲೋ ಅಲ್ಲೇನ್ರಿ?"

ಇಪ್ಪತ್ತಾರು ವರ್ಷಗಳ ಅನುಭವದ ಮುಂದೆ ಆಟೋದವನ ಸಲಹೆ. ನಾನು ನಕ್ಕು ಬೆನ್ನು ತಟ್ಟಿ ಕಳಿಸಿದೆ.

ಸಂಜೆಯವರೆಗೆ ವಾರ್ಡಿನ ಪ್ರತಿ ಓಣಿಯಲ್ಲಿ ಆಟೋ ತಿರುಗಿತು. "ಬಂಧುಗಳೇ, ಸೋಲಾಪುರದ ಲಾಡ್ಜಿನಲ್ಲಿ ಇದ್ದವರು ಸಿದ್ರಾಮಪ್ಪನವರಲ್ಲ! ಎರಡನೇ ಮಹಡಿಯಲ್ಲಿ ಇದ್ದವರು ಸಿದ್ರಾಮಪ್ಪನವರಲ್ಲ! ಆದ್ದರಿಂದ ತಮ್ಮ ಅಮೂಲ್ಯವಾದ ಮತವನ್ನು..." ನಮ್ಮ ಪಕ್ಕದ ಮನೆಯ ಅಜ್ಜಿ ಆಟೋ ನಿಲ್ಲಿಸಿ, ಹಾಗಾದರೆ ಅಲ್ಲಿ ಇದ್ದವನು ಯಾರು ಎಂದು ಕೇಳಿದಳು. ಮೆಹಬೂಬ್‌ಸಾಬ್ ಚೀಟಿಯಲ್ಲಿ ಅಷ್ಟೇ ಇದೆ ಎಂದ. ಪತ್ರಿಕೆ ಓದದವರಿಗೂ, ಓದಲು ಬಾರದವರಿಗೂ ಅಂದು ವಿಷಯ ತಲುಪಿತು. ಪ್ರಚಾರದ ದೃಷ್ಟಿಯಿಂದ ನೋಡಿದರೆ ಸಂಪೂರ್ಣ ಯಶಸ್ಸು.

ಮರುದಿನ ಎದುರಾಳಿ ಶಂಕ್ರಪ್ಪ ಬಂದ. ಕಿರಾಣಿ ಅಂಗಡಿಯವನು, ಸಿದ್ರಾಮಪ್ಪನನ್ನು ಎರಡು ಸಲ ಸೋಲಿಸಿದವನು. ಅವನಿಗೂ ಒಂದು ಹೇಳಿಕೆ ಬೇಕಾಗಿತ್ತು. ಅವನಿಗೂ ಬರೆಯಲು ಬರುತ್ತಿರಲಿಲ್ಲ.

ಓದುಗರು ನನ್ನನ್ನು ದೂರುವ ಮೊದಲು ಒಂದು ತತ್ವವನ್ನು ನೆನಪಿಸಿಕೊಳ್ಳಬೇಕು. ಪತ್ರಿಕೋದ್ಯಮದ ಜೀವಾಳ ಸಮತೋಲನ. ಒಬ್ಬನಿಗೆ ಬರೆದುಕೊಟ್ಟು ಇನ್ನೊಬ್ಬನಿಗೆ ಇಲ್ಲ ಎಂದರೆ ಪಕ್ಷಪಾತವಾಗುತ್ತದೆ. ಶಂಕ್ರಪ್ಪ ತನಗೆ ಬೇಕಾದದ್ದನ್ನು ಬಾಯಲ್ಲಿ ಹೇಳಿದ, ನಾನು ಅಚ್ಚಿನ ಕನ್ನಡಕ್ಕೆ ತಂದೆ: "ಯಾವುದೇ ದೇವರ ಮುಂದೆ ಪ್ರಮಾಣಕ್ಕೆ ಸಿದ್ಧ ಎಂದಿರುವ ಸಿದ್ರಾಮಪ್ಪ, ತಾಕತ್ತಿದ್ದರೆ ಬರುವ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಬನ್ನಿಗಿಡದ ಹಣಮಪ್ಪನ ಕಟ್ಟೆಗೆ ಬರಲಿ." ಸಮಯವನ್ನು ಸೇರಿಸಿದ್ದು ನಾನೇ. ಯಾವಾಗ ಎಂಬುದು ಇಲ್ಲದೆ ಸುದ್ದಿ ಅಪೂರ್ಣ.

ಬನ್ನಿಗಿಡದ ಹಣಮಪ್ಪನ ಹೆಸರು ಕೇಳಿದರೆ ನಮ್ಮಲ್ಲಿ ಕುಡಿದವನ ಅಮಲೂ ಇಳಿಯುತ್ತದೆ. ಹೊಲದ ಬದುವಿನ ಜಗಳ, ಕಳೆದ ಎತ್ತಿನ ಜಗಳ, ಎಲ್ಲ ಜಾತಿಯವರದೂ ಅಲ್ಲೇ ತೀರುವುದು. ಪ್ರಮಾಣ ಮಾಡುವವನು ಒದ್ದೆ ಬಟ್ಟೆಯಲ್ಲಿ ನಿಂತು, ಸಿಂಧೂರ ಹಚ್ಚಿದ ಎಕ್ಕೆ ಎಲೆಯನ್ನು ಬಲಗೈಯಲ್ಲಿ ಹಿಡಿಯಬೇಕು. ಅವನ ಮೊಣಕೈಯನ್ನು ಹೆಂಡತಿ ಹಿಡಿದಿರಬೇಕು. ಒಬ್ಬನೇ ಮಾಡಿದ ಆಣೆಯನ್ನು ಹಣಮಪ್ಪ ಒಪ್ಪುವುದಿಲ್ಲ. ಸುಳ್ಳು ಆಣೆ ಮಾಡಿದ ಒಬ್ಬನ ಬಾವಿ ಎಂಟೇ ದಿನದಲ್ಲಿ ಬತ್ತಿತು ಎನ್ನುತ್ತಾರೆ. ಖಚಿತಪಡಿಸಿಕೊಳ್ಳಲು ಆಗದ್ದರಿಂದ ನಾನು ಅದನ್ನು ವರದಿ ಮಾಡಿಲ್ಲ.

ಶಂಕ್ರಪ್ಪನ ಹೇಳಿಕೆ ಪ್ರಕಟವಾದ ದಿನ ಸಿದ್ರಾಮಪ್ಪ ಹಿತ್ತಲ ಬಾಗಿಲಿನಿಂದ ಬಂದ. ಈ ಸಲ ಕುರ್ಚಿಯಲ್ಲಿ ಕೂರಲಿಲ್ಲ, ನೆಲದ ಮೇಲೆ ಕುಳಿತ.

"ಆ ದೇವರ ಮಾತ ಯಾಕ ಬರದ್ರಿ ಸರ?"

"ಎಲ್ಲರಿಗೂ ಬರೀತೇನಿ. ಅದು ರೂಢಿ."

"ಮಂದಿ ಮುಂದ ಏನರ ಹೇಳಬಹುದ್ರಿ. ಹಣಮಪ್ಪನ ಮುಂದ ಹ್ಯಾಂಗ ಹೇಳ್ಲಿ?"

ನನ್ನ ಕೈಯಲ್ಲಿದ್ದ ಚಹಾ ಅಲ್ಲೇ ನಿಂತಿತು. "ಅಂದ್ರ ಸೋಲಾಪುರ ಖರೇನ?"

"ಇಲ್ರಿ! ಸೋಲಾಪುರದ ಲಾಡ್ಜಿಗೆ ನಾ ಕಾಲ ಇಟ್ಟಿಲ್ಲ." ಅವನು ನೆಲ ನೋಡಿದ. "ಆಲಮಟ್ಟಿ ಆಗಿತ್ತರಿ."

ಅವನು ತಾನಾಗಿಯೇ ಮುಂದುವರಿಸಿದ. ತೋಟ ನೋಡಿದರಂತೆ. ದೋಣಿಯಲ್ಲಿ ಕುಳಿತರಂತೆ. ಸಂಜೆ ಬಣ್ಣದ ಕಾರಂಜಿ ನೋಡಿದರಂತೆ.

"ಮತ್ತ?"

"ಮತ್ತ ಕಾರಂಜಿ ಮುಗೀತ್ರಿ."

ಎಷ್ಟು ಸಲ ಎಂದು ಕೇಳಿದೆ. ಕಾರಂಜಿ ಎರಡು ಸಲ ಮುಗಿದಿತ್ತು. ಆಕೆಯ ಹೆಸರನ್ನು ಮಾತ್ರ ಕೇಳಬೇಡಿ, ಆಕೆಗೆ ಮನೆಯಿದೆ, ಮಕ್ಕಳಿದ್ದಾರೆ ಎಂದ. ನಾನು ಕೇಳಲಿಲ್ಲ. ಆರು ಪ್ರಶ್ನೆಗಳಲ್ಲಿ ಒಂದನ್ನು ವೃತ್ತಿಜೀವನದಲ್ಲಿ ಮೊದಲ ಬಾರಿಗೆ ಬಿಟ್ಟುಬಿಟ್ಟೆ.

ಆಗಲೇ ಅವನಿಗೆ ಎರಡು ಮಾತು ಬುದ್ಧಿ ಹೇಳಿ ಕಳಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಅವನು ಮಾತಾಡುತ್ತಿರುವಾಗಲೇ ನನ್ನೊಳಗಿನ ಉಪಸಂಪಾದಕ ಎಚ್ಚರಗೊಂಡಿದ್ದ. ಆರೋಪವೇನು? ಸೋಲಾಪುರ. ಅದು ಸುಳ್ಳು. ಲಾಡ್ಜು, ಸೋಮವಾರ, ಮಹಡಿ, ವಿಡಿಯೋ, ಎಲ್ಲವೂ ಸುಳ್ಳು. ಅಂದರೆ ಇಷ್ಟನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ ಆಣೆ ಮಾಡಿದರೆ ಅದು ಅಪ್ಪಟ ಸತ್ಯ. ಹಣಮಪ್ಪನಾದರೂ ಏನು ಮಾಡಬಲ್ಲ? ಅವನೂ ದಾಖಲೆಗೆ ಬದ್ಧನಲ್ಲವೇ?

ನಾನು ಬರೆದೆ: "ಕಳೆದ ಶ್ರಾವಣದ ಎರಡನೆಯ ಸೋಮವಾರ, ಸೋಲಾಪುರದ ಲಾಡ್ಜಿನ ಎರಡನೇ ಮಹಡಿಯಲ್ಲಿ, ವಿಡಿಯೋದಲ್ಲಿ ಇದೆ ಎನ್ನಲಾದಂತೆ, ನಾನು ಪರಸ್ತ್ರೀಯ ಜೊತೆ ಇರಲಿಲ್ಲ."

ಸಿದ್ರಾಮಪ್ಪ ಅದನ್ನು ನಾಲ್ಕು ಸಲ ಓದಿಸಿಕೊಂಡ. ಪ್ರತಿ ಸಲವೂ ಅವನ ಬೆನ್ನು ಸ್ವಲ್ಪ ನೆಟ್ಟಗಾಯಿತು. ಕೊನೆಗೆ ನನ್ನ ಕೈ ಹಿಡಿದು, ದೇವರು ನಿಮ್ಮ ರೂಪದಲ್ಲಿ ಬಂದ ಎಂದ. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಕಸ್ತೂರಿ ಅವನು ಹೋದ ಮೇಲೆ ಹೊರಗೆ ಬಂದಳು.

"ಇನ್ನ ಹಣಮಪ್ಪಗೂ ಪ್ರೆಸ್ ನೋಟ ಕೊಡ್ತೀರೇನು?" ಎಂದಳು.

ನಾನು ಹೊಸ ಹಾಳೆ ತೆಗೆದೆ. ಅಕ್ಷರ ದಪ್ಪವಾಗಿ ಕಾಣುವಂತೆ ಶುದ್ಧ ಪ್ರತಿ ತೆಗೆಯಬೇಕಿತ್ತು.

ಸೋಮವಾರ ಹನ್ನೊಂದಕ್ಕೆ ಕಟ್ಟೆಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ನಾಮಪತ್ರ ವಾಪಸ್ ಪಡೆಯಲು ಮರುದಿನವೇ ಕೊನೆ. ಸಿದ್ರಾಮಪ್ಪನ ಅರ್ಜಿ ಪರಿಶೀಲನೆಯಲ್ಲಿ ಬಿದ್ದುಹೋದರೆ ಇರಲಿ ಎಂದು ನೀಲವ್ವನ ಹೆಸರಿನಲ್ಲೂ ಒಂದು ಅರ್ಜಿ ಹಾಕಿಸಿದ್ದರು. ಎಲ್ಲರೂ ಹಾಗೆ ಮಾಡುತ್ತಾರೆ. ಇವನದು ಪಾಸಾಗಿದ್ದರಿಂದ ಆಕೆಯದನ್ನು ವಾಪಸ್ ಪಡೆಯುವುದೊಂದೇ ಬಾಕಿ. ಇಂದು ಆಣೆ, ನಾಳೆ ವಾಪಸಾತಿ, ನಾಡಿದ್ದಿನಿಂದ ನಿಶ್ಚಿಂತ ಪ್ರಚಾರ: ಇದು ನಮ್ಮ ಲೆಕ್ಕಾಚಾರ.

ಸಿದ್ರಾಮಪ್ಪ ಒದ್ದೆ ಧೋತರದಲ್ಲಿ ನಿಂತಿದ್ದ. ಪಕ್ಕದಲ್ಲಿ ನೀಲವ್ವ. ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ಗಿರಾಕಿ ತಂದ ಹಳೆಯ ಪೈಪನ್ನು ಎಲ್ಲಿ ಸೋರುತ್ತಿದೆ ಎಂದು ನೋಡುವಾಗಿನ ಮುಖ. ಎದುರಿಗೆ ಶಂಕ್ರಪ್ಪ ತನ್ನವರನ್ನು ಕಟ್ಟಿಕೊಂಡು ಮೀಸೆ ತಿರುವುತ್ತಿದ್ದ. ಪೂಜಾರಿ ತಾಟಿನಿಂದ ಎಲೆ ತೆಗೆದುಕೊಟ್ಟ. ನಾನು ಮುಂದೆ ಹೋಗಿ ಕಾಗದ ಕೊಟ್ಟೆ. ಸಿದ್ರಾಮಪ್ಪ ಗಂಟಲು ಸರಿಮಾಡಿಕೊಂಡು, "ಕಳೆದ ಶ್ರಾವಣದ ಎರಡನೆಯ..." ಎಂದು ಶುರು ಮಾಡಿದ.

"ತಡೀರಿ," ಎಂದಳು ನೀಲವ್ವ. "ಆ ಕಾಗದ ಇತ್ತ ಕೊಡ್ರಿ."

ಆಕೆ ಓದಿದಳು. ಎರಡು ಸಲ ಓದಿದಳು. ಆಮೇಲೆ ನನ್ನ ಕಡೆ ಕೈ ಚಾಚಿದಳು. ಏನೆಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನನ್ನ ಕಿಸೆಯ ಪೆನ್ನು ಕೊಟ್ಟೆ.

"ಸರ, ಇದರಾಗ ಸೋಲಾಪುರ ಯಾಕ ಬೇಕ್ರಿ?"

"ಸ್ಪಷ್ಟತೆಗೆ, ನೀಲವ್ವ."

ಆಕೆ ಅದನ್ನು ಹೊಡೆದು ಹಾಕಿದಳು. "ಈ ಶ್ರಾವಣ, ಸ್ವಾಮಾರ ಯಾಕ?"

"ಅದೂ ಸ್ಪಷ್ಟತೆಗೆ."

ಅದೂ ಹೋಯಿತು. ಲಾಡ್ಜ್ ಹೋಯಿತು. ಮಹಡಿ ಹೋಯಿತು. ಯಾರೂ ನೋಡದ ವಿಡಿಯೋ ಇದ್ದರೇನು, ಇಲ್ಲದಿದ್ದರೇನು ಎಂದು ಹೇಳಿ ಅದನ್ನೂ ಹೊಡೆದಳು. ನಲವತ್ತು ವರ್ಷ ಮೇಜಿನ ಮುಂದೆ ಕುಳಿತ ಸಂಪಾದಕರು ನನ್ನ ಪ್ರತಿಯ ಮೇಲೆ ಅಷ್ಟು ನಿರ್ದಯವಾಗಿ ಪೆನ್ನು ಆಡಿಸಿದ್ದನ್ನು ನಾನು ಕಂಡಿಲ್ಲ. ಕೊನೆಗೆ ಕಾಗದದಲ್ಲಿ ಉಳಿದದ್ದು ಇಷ್ಟು: "ನಾನು ಪರಸ್ತ್ರೀಯ ಜೊತೆ ಇರಲಿಲ್ಲ."

ಅದನ್ನು ಗಂಡನ ಕೈಗೆ ಕೊಟ್ಟು ಅವನ ಮೊಣಕೈ ಹಿಡಿದಳು. "ಇಷ್ಟ ಓದ್ರಿ. ಸಣ್ಣದೈತಿ."

ಸಿದ್ರಾಮಪ್ಪ ಕಾಗದ ನೋಡಿದ. ಎಲೆ ನೋಡಿದ. ನನ್ನನ್ನು ನೋಡಿದ. ನಾನು ಬನ್ನಿಗಿಡ ನೋಡಿದೆ. ಅಷ್ಟು ಜನರಿದ್ದ ಜಾಗದಲ್ಲಿ ಧೋತರದಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಅವನು ಎಲೆಯನ್ನು ಮೆಲ್ಲಗೆ ತಾಟಿನಲ್ಲಿ ವಾಪಸ್ ಇಟ್ಟ.

"ಆಗೂದಿಲ್ಲ, ನೀಲಾ," ಎಂದ.

ನನ್ನ ಮಟ್ಟಿಗೆ ಆ ಚುನಾವಣೆಯಲ್ಲಿ ಯಾವುದೇ ಅಭ್ಯರ್ಥಿ ಕೊಟ್ಟ ಏಕೈಕ ನಿಜವಾದ ಹೇಳಿಕೆ ಅದು. ಅದನ್ನು ನಾನು ಬರೆದಿರಲಿಲ್ಲ.

ನೀಲವ್ವ ಅವನ ಮೊಣಕೈ ಬಿಟ್ಟಳು. ಸ್ವಲ್ಪ ಹೊತ್ತು ಹಣಮಪ್ಪನ ಕಡೆಗೇ ಮುಖ ಮಾಡಿ ನಿಂತಳು. ಆಗ ಆಕೆಯ ಮುಖ ಹೇಗಿತ್ತೋ ನಮಗೆ ಯಾರಿಗೂ ಕಾಣಲಿಲ್ಲ. ತಿರುಗಿದಾಗ ಅಂಗಡಿಯಲ್ಲಿ ಗಿರಾಕಿಗೆ ಹೇಳುವ ದನಿ ಇತ್ತು.

"ನಾಳಿ ಹೋಗಿ ನಿಮ್ಮ ಅರ್ಜಿ ವಾಪಸ್ ತಗೋರಿ. ನಂದ ಇರ್ಲಿ."

ಶಂಕ್ರಪ್ಪನ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಕೆ ತಾಟನ್ನು ಕೈಗೆತ್ತಿಕೊಂಡು ಆ ಕಡೆ ನಡೆದಳು.

"ಬರ್ರಿ ಶಂಕ್ರಪ್ಪಣ್ಣ. ಕಾಗದ ತಯಾರ ಐತಿ. ನೀವೂ ಓದ್ರಿ. ಮನಿಯಿಂದ ವೈನಿನ್ನ ಕರಸೋಣು, ನಿಮ್ಮ ಮೊಣಕೈ ಹಿಡ್ಯಾಕ."

ಶಂಕ್ರಪ್ಪನ ಕೈ ಮೀಸೆಯಿಂದ ಇಳಿಯಿತು. ಅಂಗಡಿಯಲ್ಲಿ ಸಕ್ಕರೆಯ ಲಾರಿ ಬಂದಿದೆ ಎಂದ. ಅವನ ಹಿಂದೆ ನಿಂತಿದ್ದವರೆಲ್ಲ ಸಕ್ಕರೆ ಇಳಿಸಲು ಹೋದರು. ನೀಲವ್ವ ತಾಟು ಹಿಡಿದು ಉಳಿದ ಗಂಡಸರ ಕಡೆ ತಿರುಗಿದಳು. ಅವರಲ್ಲಿ ಕೆಲವರಿಗೆ ಫೋನ್ ಬಂತು. ಒಂದು ಫೋನೂ ರಿಂಗಾದದ್ದು ಕೇಳಿಸಲಿಲ್ಲ. ಕೆಲವರಿಗೆ ಹೊಲಕ್ಕೆ ನೀರು ಬಿಟ್ಟದ್ದು ನೆನಪಾಯಿತು. ಲಿಫ್ಟಿನ ಬಗ್ಗೆ ಕೇಳಿದ್ದ ಮಾಸ್ತರರು ಕೋಲನ್ನು ಮರೆತು ನಡೆದರು. 'ಯಾವುದೇ ದೇವರ ಮುಂದೆ' ಎಂದು ನಾನು ಇಷ್ಟು ವರ್ಷ ಯಾರ ಪರವಾಗಿ ಧಾರಾಳವಾಗಿ ಬರೆಯುತ್ತ ಬಂದಿದ್ದೆನೋ ಆ ಊರಿನ ಗಂಡಸರೆಲ್ಲ ಒಂದು ಎಕ್ಕೆ ಎಲೆಗೆ ಹೆದರಿ ಕಟ್ಟೆ ಖಾಲಿ ಮಾಡಿದರು.

ತಾಟು ನನ್ನ ಮುಂದೆ ಬರುವ ಹೊತ್ತಿಗೆ ನನಗೂ ವರದಿ ಕಳಿಸುವ ಸಮಯವಾಗಿತ್ತು. ಬೆಳಿಗ್ಗೆ ಹನ್ನೊಂದೂವರೆಗೆ. ಬೈಕಿನ ಕಡೆ ಓಡುವಾಗ ಹೆಂಗಸರ ಸಾಲಿನಲ್ಲಿ ಕಸ್ತೂರಿ ನಿಂತಿದ್ದು ಕಂಡಿತು. ಆಕೆ ನನ್ನನ್ನು ಕರೆಯಲಿಲ್ಲ. ನೋಡುತ್ತಿದ್ದಳು.

ನನ್ನ ವರದಿ ಮರುದಿನ ಎರಡೇ ವಾಕ್ಯಗಳಲ್ಲಿ ಪ್ರಕಟವಾಯಿತು: ಅಭ್ಯರ್ಥಿಯೊಬ್ಬರು ವೈಯಕ್ತಿಕ ಕಾರಣದಿಂದ ಕಣದಿಂದ ಹಿಂದೆ ಸರಿಯಲಿದ್ದಾರೆ, ಅವರ ಪತ್ನಿ ಕಣದಲ್ಲಿ ಉಳಿಯಲಿದ್ದಾರೆ. ಸ್ಪಷ್ಟೀಕರಣವನ್ನೂ, ಸವಾಲನ್ನೂ, ಆಣೆಯ ಮಾತನ್ನೂ ಬರೆದವನು ಒಬ್ಬನೇ ಎಂಬ ಅಂಶ ಸ್ಥಳಾಭಾವದಿಂದ ಬಿಟ್ಟುಹೋಯಿತು.

ಆಮೇಲೆ ನೀಲವ್ವ ಹದಿನೈದು ದಿನ ಮನೆ ಮನೆಗೆ ನಡೆದಳು. ಯಾವ ಬಾಗಿಲೂ ಅರ್ಧ ಮುಚ್ಚಲಿಲ್ಲ. ನಾನು ನಾಚಿಕೆ ಬಿಟ್ಟು, ಒಂದು ಹೇಳಿಕೆ ಬರೆದುಕೊಡಲೇ ಎಂದು ಕೇಳಿದೆ. ಬೇಡ ಎಂದಳು. ಮೆಹಬೂಬ್‌ಸಾಬ್‌ಗೂ ಚೀಟಿ ಕೊಡಲಿಲ್ಲ. ಅವನು ಓಣಿಗೆ ಬಂದು "ನೀಲವ್ವ! ಹೊಲಿಗೆ ಯಂತ್ರ!" ಎಂದು ಹೆಸರು, ಚಿಹ್ನೆ ಎರಡನ್ನೇ ಕೂಗಿ ಮುಂದೆ ಹೋಗುತ್ತಿದ್ದ. ಸಿದ್ರಾಮಪ್ಪ ಗಲ್ಲಾದ ಹಿಂದೆ ಕುಳಿತು ಪೈಪು ಕೊಯ್ದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಪೈಪಿನ ಸುರುಳಿಗಳ ನಡುವೆ ಅವನ ಹಾಸಿಗೆ ಬಿತ್ತು. ಎಣಿಕೆಯ ದಿನ ನೀಲವ್ವ ಗೆದ್ದಳು. ಗುಲಾಲು ಹಾಕಲು ಮುಂದೆ ಬಂದ ಗಂಡನನ್ನು ತಡೆಯಲಿಲ್ಲ, ನಗಲೂ ಇಲ್ಲ. ಹಾಕಿಸಿಕೊಂಡು, ಒಂದೂವರೆ ಇಂಚಿನ ಪೈಪಿನ ಗಿರಾಕಿ ಕಾಯುತ್ತಿದ್ದಾನೆ, ಅಂಗಡಿಗೆ ಹೋಗಿ ಎಂದಳು. ಅವನು ಹೋದ. ಹಾಸಿಗೆ ಮನೆಗೆ ವಾಪಸ್ ಬರುವುದೋ ಇಲ್ಲವೋ ಎಂಬುದು ಈ ವರದಿ ಅಚ್ಚಿಗೆ ಹೋಗುವವರೆಗೂ ಖಚಿತವಾಗಿಲ್ಲ.

ಆ ಸಂಜೆ ಕಸ್ತೂರಿ ನನಗೆ ಚಹಾ ಕೊಟ್ಟು ಎದುರಿಗೆ ಕುಳಿತಳು.

"ಅವತ್ತ ನೀಲವ್ವ ತಾಟ ಹಿಡದಾಗ ನೀವ್ಯಾಕ ಓಡಿದ್ರಿ?"

ಈ ಪ್ರಶ್ನೆಗಾಗಿ ನಾನು ಆ ಸೋಮವಾರದಿಂದಲೇ ಸಿದ್ಧನಾಗಿದ್ದೆ. ಜಿಲ್ಲಾ ಪುಟ ಬೇಗ ಮುಗಿಯುವ ದಿನ, ಮೊಬೈಲ್ ಸಂಪರ್ಕದ ತೊಂದರೆ, ವರದಿಗಾರ ಸುದ್ದಿಯ ಭಾಗವಾಗಬಾರದು ಎಂಬ ವೃತ್ತಿಧರ್ಮ, ಮೂರನ್ನೂ ಕ್ರಮವಾಗಿ ಮಂಡಿಸಿದೆ. ಆಕೆ ಮಧ್ಯದಲ್ಲಿ ಬಾಯಿ ಹಾಕದೆ ಕೇಳಿದಳು. ನನಗೆ ಅದೇ ಭಯ ಹುಟ್ಟಿಸಿತು.

"ನಿಮ್ಮ ಮ್ಯಾಲ ನನಗೇನ ಸಂಶೇ ಇಲ್ಲ ತಗೋರಿ," ಎಂದಳು ಕೊನೆಗೆ.

ನಾನು ಚಹಾ ಗುಟುಕರಿಸಿದೆ.

"ಕಟಗೊಂಡ ಹೆಂಡ್ತೀನ್ನ ಒಮ್ಮಿ ಆಲಮಟ್ಟಿಗೆ ಕರಕೊಂಡ ಹೋಗಾಕ ಆಗಿಲ್ಲ ನಿಮಗ. ಮಂದಿ ಹೆಂಗಸರನ್ನ ಎಲ್ಲಿ ಕರಕೊಂಡ ಹೋಗ್ತೀರಿ? ಆ ಕಾರಂಜಿ ಎಷ್ಟ ಗಂಟೆಕ ಚಾಲೂ ಆಗ್ತೈತಿ, ಅದಾದ್ರೂ ಗೊತ್ತೈತೇನು?"

ಆಲಮಟ್ಟಿಯ ಬಗ್ಗೆ ನಾನು ನೂರಾರು ವರದಿ ಬರೆದಿದ್ದೇನೆ. ಒಳಹರಿವು, ಹೊರಹರಿವು, ನೀರಿನ ಮಟ್ಟ, ಎಷ್ಟು ಗೇಟು ತೆರೆದರು, ಯಾವ ಸಚಿವರು ಬಾಗಿನ ಅರ್ಪಿಸಿದರು, ಎಲ್ಲವೂ ಕಂಠಪಾಠ. ಕಾರಂಜಿ ಎಷ್ಟು ಗಂಟೆಗೆ ಶುರುವಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆ ಹೊತ್ತಿಗೆ ನಾನು ಯಾವಾಗಲೂ ಯಾರದೋ ಹೇಳಿಕೆ ಬರೆಯುತ್ತಿರುತ್ತೇನೆ.